ಕಿಡ್ನಿ ಕೊಡಲು ಬಂದವರ ಜೀನ್ ಪರೀಕ್ಷೆ: ರಕ್ತ ತೆಗೆಯುವ ಮೊದಲೇ ತೀರ್ಮಾನ ಆಗಬೇಕಾದ ಮಾತುಗಳು

ಹೀಗೊಂದು ಮನೆ ಅಂದುಕೊಳ್ಳಿ. ತಂದೆಗೆ 52 ವರ್ಷ. ಎರಡೂ ಕಿಡ್ನಿಗಳ ತುಂಬ ನೀರುಗುಳ್ಳೆಗಳು, ವಾರಕ್ಕೆ ಮೂರು ಸಲ ಡಯಾಲಿಸಿಸ್. ಅಜ್ಜಿಯೂ ಇದೇ ಕಾಯಿಲೆಯಿಂದ ತೀರಿಕೊಂಡವರು. ತಾಯಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಅವರು ಕೊಡುವ ಹಾಗಿಲ್ಲ. 26 ವರ್ಷದ ಮಗಳು, ‘ನಾನು ಕೊಡ್ತೀನಿ’ ಎಂದು ಮುಂದೆ ಬರುತ್ತಾಳೆ. ರಕ್ತದ ಗುಂಪು ಹೊಂದುತ್ತದೆ, ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ 0.7, ಅಂದರೆ ಸಹಜ, ಸ್ಕ್ಯಾನಿಂಗಿನಲ್ಲಿ ಎರಡೂ ಕಿಡ್ನಿ ಚೊಕ್ಕವಾಗಿವೆ. ಮನೆಯವರ ಲೆಕ್ಕದಲ್ಲಿ ಎಲ್ಲ ಸರಿಹೋಯಿತು. ವೈದ್ಯರ ಲೆಕ್ಕದಲ್ಲಿ ಕಷ್ಟ ಶುರುವಾಗುವುದೇ ಇಲ್ಲಿಂದ.

ಈ ಪಾಲಿಸಿಸ್ಟಿಕ್ ಕಿಡ್ನಿ ಕಾಯಿಲೆ (ಎಡಿಪಿಕೆಡಿ) ತಂದೆ ಅಥವಾ ತಾಯಿಯಲ್ಲಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಗಂಡು, ಹೆಣ್ಣು ಎಂಬ ಭೇದವಿಲ್ಲ. ಆದರೆ ಗುಳ್ಳೆಗಳು ಸ್ಕ್ಯಾನಿಂಗಿನಲ್ಲಿ ಕಾಣಲು ವರ್ಷಗಳು ಬೇಕು. ಅದಕ್ಕೇ ವಯಸ್ಸಿಗೆ ತಕ್ಕ ಮಾನದಂಡಗಳಿವೆ. ಮನೆಯಲ್ಲಿ ಕಾಯಿಲೆ ಇದ್ದವರಿಗೆ 15ರಿಂದ 39ರ ನಡುವೆ ಎರಡೂ ಕಿಡ್ನಿ ಸೇರಿ 3 ಗುಳ್ಳೆ, 40ರಿಂದ 59ರ ನಡುವೆ ಪ್ರತಿ ಕಿಡ್ನಿಯಲ್ಲೂ 2, 60 ದಾಟಿದ ಮೇಲೆ ಪ್ರತಿ ಕಿಡ್ನಿಯಲ್ಲೂ 4 ಕಂಡರೆ ಕಾಯಿಲೆ ಇದೆ ಎಂದರ್ಥ. ‘ಇಲ್ಲ’ ಎನ್ನುವುದಕ್ಕೆ ಇದಕ್ಕಿಂತ ಹೆಚ್ಚಿನ ಖಾತ್ರಿ ಬೇಕು. 40 ದಾಟಿದವರಲ್ಲಿ ಎರಡಕ್ಕಿಂತ ಕಡಿಮೆ ಗುಳ್ಳೆ ಇದ್ದರೆ ನೆಮ್ಮದಿಯಿಂದ ‘ಇಲ್ಲ’ ಎನ್ನಬಹುದು. 30ರ ಒಳಗಿನವರಲ್ಲಿ ಒಂದೂ ಗುಳ್ಳೆ ಕಾಣದ ಸ್ಕ್ಯಾನಿಂಗ್ ಕೂಡ ನೂರಕ್ಕೆ ಹತ್ತರ ಹತ್ತಿರ ತಪ್ಪಬಹುದು. ಆ ಮನೆತನದಲ್ಲಿರುವುದು ಈ ಕಾಯಿಲೆ ತರುವ ಜೀನುಗಳಲ್ಲೊಂದಾದ ಪಿಕೆಡಿ2ರ ದೋಷವಾದರೆ ಗುಳ್ಳೆಗಳು ಇನ್ನೂ ತಡವಾಗಿ ಬರುವುದರಿಂದ ತಪ್ಪುವ ಸಾಧ್ಯತೆ ಮತ್ತೂ ಹೆಚ್ಚು. ಎಂಆರ್‌ಐ ಇದಕ್ಕಿಂತ ಸೂಕ್ಷ್ಮ: 16ರಿಂದ 40 ವರ್ಷದವರಲ್ಲಿ ಒಟ್ಟು 5ಕ್ಕಿಂತ ಕಡಿಮೆ ಗುಳ್ಳೆ ಇದ್ದರೆ ದಾನದ ಮಟ್ಟಿಗೆ ಕಾಯಿಲೆಯನ್ನು ತಳ್ಳಿಹಾಕಬಹುದು.

ಹಾಗಾದರೆ ಮಗಳ ರಕ್ತ ತೆಗೆದು ಜೀನ್ ಪರೀಕ್ಷೆಗೆ ಕಳಿಸಿದರೆ ಮುಗಿಯಿತಲ್ಲ ಎನಿಸುತ್ತದೆ. ಮುಗಿಯುವುದಿಲ್ಲ. ಆ ಪರೀಕ್ಷೆಗೆ ಎರಡು ಉತ್ತರಗಳಿವೆ. ಅದರಲ್ಲಿ ಒಂದು, ಅಪ್ಪನಿಗೆ ಕಿಡ್ನಿ ಕೊಡಲು ಬಂದ ಆರೋಗ್ಯವಂತ ಹುಡುಗಿಯನ್ನು ಅದೇ ದಿನ ರೋಗಿಯನ್ನಾಗಿ ಮಾಡುತ್ತದೆ. ಅವಳು ಕೇಳಿದ್ದು ‘ನಾನು ಕೊಡಬಹುದಾ’ ಎಂದು. ನಾವು ಹೇಳುವುದು ‘ನಿಮಗೂ ಇದೆ’ ಎಂದು. ಈ ಬರಹದ ಉದ್ದಕ್ಕೂ ನಾನು ವಾದಿಸುವುದು ಒಂದೇ ಮಾತನ್ನು: ದಾನಿಯ ಜೀನ್ ಪರೀಕ್ಷೆ ನಡೆಯಬೇಕಾದದ್ದು ದಾನಿಯ ಹಿತಕ್ಕೆ, ಆಪರೇಷನ್ನಿನ ದಾರಿ ಸುಗಮವಾಗಲಿ ಎಂದಲ್ಲ. ಯಾವ ಉತ್ತರ ಬಂದರೆ ಏನು ಮಾಡುತ್ತೇವೆ, ಯಾರಿಗೆ ಹೇಳುತ್ತೇವೆ ಎಂಬುದು ಸೂಜಿ ಚುಚ್ಚುವ ಮೊದಲೇ ಗೊತ್ತಿರಬೇಕು.

ಮೊದಲ ರಕ್ತ ರೋಗಿಯದು

ಹೆಚ್ಚು ಎಡವಟ್ಟಾಗುವುದು ಇಲ್ಲೇ. ರೋಗಿಗೆ ಹೇಗೂ ಕಾಯಿಲೆ ಇದೆಯೆಂದು ಗೊತ್ತಿದೆಯಲ್ಲ, ಅವರಿಗೇಕೆ ಖರ್ಚು ಎಂದು ನೇರವಾಗಿ ದಾನಿಯನ್ನೇ ಪರೀಕ್ಷೆಗೆ ಕಳಿಸುತ್ತಾರೆ. ವರದಿ ‘ನೆಗೆಟಿವ್’ ಎಂದು ಬಂದರೆ ಎಲ್ಲರಿಗೂ ಸಂತೋಷ. ಆದರೆ ಆ ನೆಗೆಟಿವ್‌ಗೆ ಬೆಲೆಯಿಲ್ಲ. ರೋಗಿಯಲ್ಲಿರುವ ದೋಷ ಯಾವುದೆಂದೇ ಗೊತ್ತಿಲ್ಲದಿದ್ದರೆ, ದಾನಿಯಲ್ಲಿ ಅದು ಇಲ್ಲವೋ, ಇದ್ದೂ ಪರೀಕ್ಷೆಯ ಕಣ್ಣಿಗೆ ಬೀಳಲಿಲ್ಲವೋ ಹೇಳುವುದು ಹೇಗೆ? ಎಡಿಪಿಕೆಡಿ ಇರುವುದು ಖಚಿತವಾದ ರೋಗಿಗಳಲ್ಲೂ ನೂರಕ್ಕೆ ಏಳರಿಂದ ಹತ್ತು ಮಂದಿಯಲ್ಲಿ ದೋಷ ಸಿಗುವುದೇ ಇಲ್ಲ.

ಸರಿಯಾದ ಕ್ರಮ ಹೀಗೆ. ಮೊದಲು ರೋಗಿಯ ರಕ್ತ, ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ಕೆಲವೇ ಮಿಲಿಲೀಟರ್. ಕಿಡ್ನಿ ಕಾಯಿಲೆಗಳ ಜೀನುಗಳನ್ನಷ್ಟೇ ಒಟ್ಟಿಗೆ ನೋಡುವ ಪ್ಯಾನೆಲ್, ಅಥವಾ ಎಲ್ಲ ಜೀನುಗಳ ಮುಖ್ಯ ಭಾಗಗಳನ್ನೂ ಓದುವ ಎಕ್ಸೋಮ್ ಪರೀಕ್ಷೆ. ಡಯಾಲಿಸಿಸ್ ರೋಗಿಗೆ ಇತ್ತೀಚೆಗೆ ರಕ್ತ ಕೊಟ್ಟಿದ್ದರೆ ಅದನ್ನು ಫಾರಂನಲ್ಲಿ ಬರೆಯಲೇಬೇಕು, ಲ್ಯಾಬ್ ಹೇಳಿದಷ್ಟು ದಿನ ಕಾಯಬೇಕು. ದೋಷ ಸಿಕ್ಕಿ, ಅದು ಕಾಯಿಲೆ ತರುವಂಥದ್ದೇ ಎಂದು ವರ್ಗೀಕರಣವಾದ ಮೇಲೆ ದಾನಿಯ ಸರದಿ. ದಾನಿಗೆ ಇಡೀ ಪ್ಯಾನೆಲ್ ಬೇಡ. ಆ ಒಂದು ಜಾಗವನ್ನು ಮಾತ್ರ ನೋಡುವ ಸ್ಯಾಂಗರ್ ಪರೀಕ್ಷೆ ಸಾಕು. ಖರ್ಚೂ ಬಹಳ ಕಡಿಮೆ. ಅದಕ್ಕಿಂತ ಮುಖ್ಯವಾಗಿ, ದಾನಿ ಕೇಳದೇ ಇದ್ದ ಬೇರೆ ಯಾವ ಕಾಯಿಲೆಯ ಸುದ್ದಿಯೂ ಅದರಲ್ಲಿ ಹೊರಬರುವುದಿಲ್ಲ. ಎಕ್ಸೋಮ್ ಮಾಡಿದರೆ ಸ್ತನ ಕ್ಯಾನ್ಸರ್, ಹೃದಯದ ಕಾಯಿಲೆಗಳಿಗೆ ಸಂಬಂಧಿಸಿದ ಜೀನುಗಳೂ ತೆರೆದುಕೊಳ್ಳುತ್ತವೆ. ಅಂಥದ್ದು ಸಿಕ್ಕರೆ ತಿಳಿಸಬೇಕೋ ಬೇಡವೋ ಎಂದು ಒಪ್ಪಿಗೆ ಪತ್ರದಲ್ಲಿ ಬೇರೆಯಾಗಿ ಕೇಳಬೇಕಾಗುತ್ತದೆ. ಆ ಸಾಲಿನ ಮುಂದೆ ಟಿಕ್ ಹಾಕಿಸಿಕೊಳ್ಳುವವರಲ್ಲಿ ಎಷ್ಟು ಮಂದಿ ಅದನ್ನು ಬಿಡಿಸಿ ಹೇಳುತ್ತಾರೆ ಎಂಬುದನ್ನು ಯೋಚಿಸಿದರೆ ನನಗೆ ಕಳವಳವಾಗುತ್ತದೆ.

ಪ್ಯಾನೆಲ್ ಮಾಡಿಸುವ ಮುನ್ನ ಲ್ಯಾಬಿಗೆ ಕೇಳಬೇಕಾದ ಒಂದು ಪ್ರಶ್ನೆ ಇದೆ: ‘ಪಿಕೆಡಿ1 ಜೀನನ್ನು ಹೇಗೆ ಓದುತ್ತೀರಿ?’ ಎಡಿಪಿಕೆಡಿ ರೋಗಿಗಳಲ್ಲಿ ನಾಲ್ಕರಲ್ಲಿ ಮೂವರ ದೋಷ ಇರುವುದು 16ನೇ ಕ್ರೋಮೋಸೋಮಿನ ಈ ಜೀನಿನಲ್ಲೇ. ಜೀನಿನ ತುಂಡುಗಳಾದ ಇದರ 46 ಎಕ್ಸಾನ್‌ಗಳಲ್ಲಿ ಮೊದಲ 33ನ್ನು ಹೋಲುವ ಆರು ನಕಲಿ ಜೀನುಗಳು ಅದೇ ಕ್ರೋಮೋಸೋಮಿನ ಮೇಲೆ ಕುಳಿತಿವೆ. ಸಾಮಾನ್ಯ ವಿಧಾನದಲ್ಲಿ ಡಿಎನ್‌ಎಯನ್ನು ಚೂರು ಚೂರು ಮಾಡಿ ಓದಿದಾಗ ಯಾವ ಚೂರು ಅಸಲಿಯದು, ಯಾವುದು ನಕಲಿಯದು ಎಂಬ ಗೊಂದಲವಾಗುತ್ತದೆ. ಇದ್ದ ದೋಷ ತಪ್ಪಿಹೋಗಬಹುದು, ನಕಲಿಯ ವ್ಯತ್ಯಾಸವನ್ನೇ ಅಸಲಿ ಎಂದುಕೊಂಡೂ ಬಿಡಬಹುದು. ಲಾಂಗ್ ರೇಂಜ್ ಪಿಸಿಆರ್‌ನಿಂದ ಅಸಲಿ ಜೀನನ್ನಷ್ಟೇ ಮೊದಲು ಎತ್ತಿಕೊಂಡು ಓದುವುದು ಒಂದು ಪರಿಹಾರ. ಜೀನಿನ ದೊಡ್ಡ ತುಂಡೇ ಬಿದ್ದುಹೋಗಿದ್ದರೆ ಅದನ್ನು ಹಿಡಿಯಲು ಎಂಎಲ್‌ಪಿಎ ಎಂಬ ಬೇರೆ ಪರೀಕ್ಷೆ ಬೇಕು. ವರದಿಯ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿರುವ ‘ಪರೀಕ್ಷೆಯ ಮಿತಿಗಳು’ ಭಾಗವನ್ನು ದಾನಿಯ ವೈದ್ಯರು ಓದದೆ ಸಹಿ ಹಾಕಬಾರದು.

ಕಾರಣವೇ ಗೊತ್ತಿಲ್ಲದ ಕಿಡ್ನಿ ವೈಫಲ್ಯ

ಗುಳ್ಳೆಗಳಿದ್ದರೆ ಕನಿಷ್ಠ ಏನನ್ನು ಹುಡುಕಬೇಕು ಎಂದಾದರೂ ಗೊತ್ತಿರುತ್ತದೆ. ನಮ್ಮಲ್ಲಿ ಬಹಳ ರೋಗಿಗಳು ಆಸ್ಪತ್ರೆಗೆ ಬರುವ ಹೊತ್ತಿಗೆ ಕಿಡ್ನಿಗಳು ಸುರುಟಿ ಸಣ್ಣದಾಗಿರುತ್ತವೆ, ಬಯಾಪ್ಸಿ ಮಾಡುವ ಕಾಲ ಮೀರಿರುತ್ತದೆ. ಫೈಲಿನಲ್ಲಿ ‘ಕಾರಣ ತಿಳಿದಿಲ್ಲ’ ಎಂದು ಬರೆದು ಕಸಿಗೆ ತಯಾರಿ ನಡೆಯುತ್ತದೆ, ತಮ್ಮನೋ ತಂಗಿಯೋ ದಾನಿಯಾಗಿ ಬರುತ್ತಾರೆ. ರೋಗಿಯ ಕಿಡ್ನಿ ಏಕೆ ಹಾಳಾಯಿತು ಎಂಬುದನ್ನು ಸಾಧ್ಯವಾದಾಗಲೆಲ್ಲ ಕಂಡುಹಿಡಿದ ಮೇಲೆಯೇ ರಕ್ತಸಂಬಂಧಿಯ ದಾನದ ಬಗ್ಗೆ ಮುಂದುವರಿಯಬೇಕೆಂದು ಕಿಡ್ನಿ ತಜ್ಞರ ಸಂಸ್ಥೆ ಕೆಡಿಗೋದ 2017ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಇದು ಬರೀ ಕಾಗದದ ನಿಯಮವಲ್ಲ.

ಯುಮಾಡ್ ಎಂಬ ಜೀನಿನ ದೋಷವನ್ನು ನೋಡಿ. ಇದೂ ಅರ್ಧಕ್ಕರ್ಧ ಸಾಧ್ಯತೆಯಲ್ಲಿ ಮಕ್ಕಳಿಗೆ ಬರುತ್ತದೆ. ಮೂತ್ರದಲ್ಲಿ ಪ್ರೋಟೀನ್ ಹೋಗುವುದಿಲ್ಲ, ರಕ್ತ ಹೋಗುವುದಿಲ್ಲ, ಸ್ಕ್ಯಾನಿಂಗಿನಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣುವುದಿಲ್ಲ. ಚಿಕ್ಕ ವಯಸ್ಸಿಗೇ ಯೂರಿಕ್ ಆಮ್ಲ ಏರಿ ಕೀಲುಬೇನೆ ಬರುವುದೊಂದೇ ಕೆಲವರಲ್ಲಿ ಸುಳಿವು. 25ರ ಹರೆಯದ ದಾನಿ ಇರುವ ಎಲ್ಲ ಸಾಮಾನ್ಯ ಪರೀಕ್ಷೆಗಳಲ್ಲೂ ಪಾಸಾಗಿ, ಒಂದು ಕಿಡ್ನಿ ಕೊಟ್ಟು, 45ಕ್ಕೆ ತಾನೇ ಡಯಾಲಿಸಿಸ್ಸಿಗೆ ಬರಬಹುದು. ಇಂಥ ಕಡೆ ಜೀನ್ ಪರೀಕ್ಷೆ ಬಿಟ್ಟು ಬೇರೆ ದಾರಿಯೇ ಇಲ್ಲ. ಇದೇ ಗುಂಪಿನ ಇನ್ನೊಂದು ಜೀನ್ ಎಂಯುಸಿ1. ಅದರ ದೋಷ ಒಂದೇ ಥರದ ಅಕ್ಷರಗಳು ಮತ್ತೆ ಮತ್ತೆ ಬರುವ ಭಾಗದಲ್ಲಿ ಅಡಗಿರುವುದರಿಂದ ಸಾಮಾನ್ಯ ಎಕ್ಸೋಮ್ ಪರೀಕ್ಷೆ ಅದನ್ನು ಕಾಣುವುದಿಲ್ಲ. ಮನೆಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಕಿಡ್ನಿ ಹೋಗುತ್ತಿದ್ದು ವರದಿ ಮಾತ್ರ ನೆಗೆಟಿವ್ ಬಂದರೆ, ನಂಬಬೇಕಾದದ್ದು ವಂಶದ ಇತಿಹಾಸವನ್ನು.

ಆದ್ದರಿಂದ ಲ್ಯಾಬಿಗಿಂತ ಮೊದಲು ಬೇಕಾದದ್ದು ಒಂದು ಬಿಳಿ ಹಾಳೆ. ಮೂರು ತಲೆಮಾರಿನ ವಂಶವೃಕ್ಷ ಬರೆಯಬೇಕು: ಯಾರಿಗೆ ಡಯಾಲಿಸಿಸ್ ಆಗಿತ್ತು, ಯಾರು ಯಾವ ವಯಸ್ಸಿನಲ್ಲಿ ತೀರಿಕೊಂಡರು, ಯಾರಿಗೆ ಕಿವಿ ಮಂದವಾಗಿತ್ತು, ಯಾರಿಗೆ ಮೆದುಳಿನಲ್ಲಿ ರಕ್ತಸ್ರಾವವಾಯಿತು, ಯಾರು ಯಾರನ್ನು ಮದುವೆಯಾದರು. ಕೊನೆಯ ಪ್ರಶ್ನೆ ನಮ್ಮಲ್ಲಿ ಬಹಳ ಮುಖ್ಯ. ಸೋದರಮಾವನ ಜೊತೆ, ಅತ್ತೆ ಮಗನ ಜೊತೆ ಮದುವೆ ಕರ್ನಾಟಕದಲ್ಲಿ ಇಂದಿಗೂ ಸಾಮಾನ್ಯ. ಹಾಗಾಗಿ ಇಬ್ಬರಿಂದಲೂ ಒಂದೊಂದು ದೋಷದ ಪ್ರತಿ ಬಂದಾಗ ಮಾತ್ರ ಕಾಣಿಸಿಕೊಳ್ಳುವ ಕಾಯಿಲೆಗಳು ಇಲ್ಲಿ ಹೆಚ್ಚು. ಅಂಥ ಕಾಯಿಲೆಯಾದರೆ ತಂದೆ ತಾಯಿ ಇಬ್ಬರೂ ಒಂದೊಂದೇ ಪ್ರತಿ ಹೊತ್ತವರು. ಚಿಕ್ಕ ವಯಸ್ಸಿನಲ್ಲೇ ಕಿಡ್ನಿ ಕೆಡಿಸುವ ನೆಫ್ರೊನೊಫ್ತೈಸಿಸ್‌ನಂಥ ಕಾಯಿಲೆಯಲ್ಲಿ ಒಂದು ಪ್ರತಿ ಇದ್ದವರ ಕಿಡ್ನಿಗೆ ತೊಂದರೆಯಾಗದು, ಬೇರೆಲ್ಲ ಸರಿಯಿದ್ದರೆ ಅವರು ಕೊಡಬಹುದು. ಒಡಹುಟ್ಟಿದವರ ಕಥೆ ಬೇರೆ. ನಾಲ್ಕರಲ್ಲಿ ಒಂದು ಪಾಲು ಅವರಿಗೂ ಕಾಯಿಲೆ ಬಂದಿರಬಹುದು, ವಯಸ್ಸು ಚಿಕ್ಕದಾದ್ದರಿಂದ ಇನ್ನೂ ಕಾಣಿಸದೆ ಇರಬಹುದು. 19ರ ತಮ್ಮನ ಕ್ರಿಯಾಟಿನಿನ್ ಇವತ್ತು ಚೆನ್ನಾಗಿದೆ ಎಂಬುದು ಮುಂದಿನ ಹತ್ತು ವರ್ಷದ ಮಾತಲ್ಲ.

ಮಗನಿಗೆ ಕೊಡಲು ಬರುವ ತಾಯಿ

ಆಲ್ಪೋರ್ಟ್ ಸಿಂಡ್ರೋಮ್ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳಬೇಕು. ಇದರಷ್ಟು ನೋವಿನ ಸಂದಿಗ್ಧ ಇನ್ನೊಂದು ಕಾಯಿಲೆಯಲ್ಲಿ ಕಡಿಮೆ. ಹುಡುಗನಿಗೆ ಚಿಕ್ಕಂದಿನಿಂದ ಮೂತ್ರದಲ್ಲಿ ರಕ್ತದ ಕಣಗಳು, ಹತ್ತು ಹನ್ನೆರಡರ ಹೊತ್ತಿಗೆ ಕಿವಿ ಮಂದ, ಅನೇಕರಿಗೆ 25ರೊಳಗೆ ಕಿಡ್ನಿ ವೈಫಲ್ಯ. ಸಾಮಾನ್ಯ ರೂಪದಲ್ಲಿ ದೋಷ ಇರುವುದು ಎಕ್ಸ್ ಕ್ರೋಮೋಸೋಮಿನ ಸಿಒಎಲ್4ಎ5 ಜೀನಿನಲ್ಲಿ. ಗಂಡುಮಗುವಿಗೆ ಎಕ್ಸ್ ಬರುವುದು ತಾಯಿಯಿಂದ. ಅಂದರೆ ಮಗನಲ್ಲೇ ಹೊಸದಾಗಿ ಹುಟ್ಟಿದ ದೋಷವಾಗಿದ್ದರೆ ಬಿಟ್ಟು, ಉಳಿದಂತೆ ತಾಯಿಯಲ್ಲೂ ಅದು ಇದೆ. ತಾಯಿಗೆ ಇನ್ನೊಂದು ಒಳ್ಳೆಯ ಎಕ್ಸ್ ಇರುವುದರಿಂದ ಆರೋಗ್ಯವಾಗಿಯೇ ಇರುತ್ತಾರೆ. ಮೂತ್ರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮಾತ್ರ ಕೆಂಪು ಕಣಗಳು ಸಿಗುತ್ತವೆ. ಹಾಗೆಂದು ಅಪಾಯವಿಲ್ಲ ಎಂದಲ್ಲ. ಯುರೋಪಿನ ಆಲ್ಪೋರ್ಟ್ ಕುಟುಂಬಗಳ ದೊಡ್ಡ ಅಧ್ಯಯನವೊಂದರಲ್ಲಿ, ಇಂಥ ಹೆಂಗಸರಲ್ಲಿ 40ರೊಳಗೆ ನೂರಕ್ಕೆ 12, 60ರ ಹೊತ್ತಿಗೆ ನೂರಕ್ಕೆ 30ರಷ್ಟು ಮಂದಿಯ ಕಿಡ್ನಿಗಳು ವಿಫಲವಾಗಿದ್ದವು. ಎರಡು ಕಿಡ್ನಿ ಇಟ್ಟುಕೊಂಡೇ ಇಷ್ಟು.

ದಾನಿಯ ಮೂತ್ರದಲ್ಲಿ ಕೆಂಪು ಕಣಗಳು ಒಂದು ಸಲ ಸಿಕ್ಕರೆ ಸಾಲದು. ಮುಟ್ಟಿನ ದಿನಗಳನ್ನು, ಸೋಂಕನ್ನು ಬಿಟ್ಟು ಎರಡು ಮೂರು ಸಲ ನೋಡಬೇಕು. ಪ್ರತಿ ಹೈ ಪವರ್ ಫೀಲ್ಡಿಗೆ (ಸೂಕ್ಷ್ಮದರ್ಶಕದಲ್ಲಿ ಒಮ್ಮೆಗೆ ಕಾಣುವಷ್ಟು ಜಾಗಕ್ಕೆ) 3 ಅಥವಾ ಹೆಚ್ಚು ಕಣ ಮತ್ತೆ ಮತ್ತೆ ಬಂದರೆ ಕಲ್ಲು, ಗೆಡ್ಡೆ ಇಲ್ಲವೆಂದು ಖಚಿತಪಡಿಸಿಕೊಂಡು, ಕಿವಿ ಮತ್ತು ಕಣ್ಣಿನ ಪರೀಕ್ಷೆ ಮಾಡಿಸಿ, ಆಮೇಲೆ ಜೀನ್ ಅಥವಾ ಬಯಾಪ್ಸಿ. ಇಷ್ಟೆಲ್ಲ ಆಗಿ ತಾಯಿಯಲ್ಲಿ ದೋಷ ಇದೆಯೆಂದು ಬಂದಾಗ ಅವರು ಹೇಳುವ ಮಾತು ಎಲ್ಲರಿಗೂ ಗೊತ್ತು: ‘ನನಗೆ ಏನಾದರೂ ಆಗಲಿ, ಮಗ ಉಳಿದರೆ ಸಾಕು.’

ಆ ಮಾತಿಗೆ ತಲೆಬಾಗಬೇಕೇ? ದಾನಿಯ ಸ್ವಂತ ನಿರ್ಧಾರ ದೊಡ್ಡದು, ನಿಜ. ಆದರೆ ವೈದ್ಯರು ದಾನಿಯ ಕೈಯ ಸಲಕರಣೆಯಲ್ಲ, ಚಾಕು ಹಿಡಿಯುವವರಿಗೂ ಅವರದೇ ಹೊಣೆ ಇದೆ. ನನ್ನ ಅಭಿಪ್ರಾಯದಲ್ಲಿ ತಾಯಿ 35ರವರಾಗಿದ್ದರೆ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ, ಬಿಪಿ ಇದ್ದರೆ, ಕಿವಿ ಮಂದವಾಗುತ್ತಿದ್ದರೆ ಬೇಡವೆಂದೇ ಹೇಳಬೇಕು. 60ರ ಹತ್ತಿರ ಬಂದವರು, ಕೆಂಪು ಕಣ ಬಿಟ್ಟರೆ ಬೇರೇನೂ ಇಲ್ಲದವರು, ಮನೆಯಲ್ಲಿ ಬೇರೆ ದಾನಿಯೇ ಇಲ್ಲ ಎಂದಾದಾಗ ಮಾತ್ರ ಅಂಕಿ ಅಂಶಗಳನ್ನು ಮುಂದಿಟ್ಟು ಯೋಚಿಸಬಹುದು. ಇಲ್ಲೊಂದು ಸಮಾಧಾನದ ಸಂಗತಿಯೂ ಇದೆ. ದೋಷ ಎಕ್ಸ್ ಕ್ರೋಮೋಸೋಮಿನದೆಂದು ಖಚಿತವಾದರೆ ಹುಡುಗನ ತಂದೆಗೆ ಅದರ ಸಂಬಂಧವೇ ಇಲ್ಲ, ಅವರು ಕೊಡಬಹುದು. ಆದರೆ ಇದು ಜೀನ್ ವರದಿ ಬಂದ ಮೇಲಿನ ಮಾತು. ಆಲ್ಪೋರ್ಟ್ ಸಿಂಡ್ರೋಮ್ 2ನೇ ಕ್ರೋಮೋಸೋಮಿನ ಸಿಒಎಲ್4ಎ3, ಸಿಒಎಲ್4ಎ4 ಜೀನುಗಳಿಂದಲೂ ಬರುತ್ತದೆ. ಸಂಬಂಧದಲ್ಲೇ ಮದುವೆಯಾದ ದಂಪತಿಯ ಮಗನಲ್ಲಿ ಹೀಗಿದ್ದರೆ ತಂದೆ ತಾಯಿ ಇಬ್ಬರೂ ದೋಷ ಹೊತ್ತವರು, ಮತ್ತು ಇದರಲ್ಲಿ ಒಂದು ಪ್ರತಿಯೂ ಪೂರ್ತಿ ನಿರಪಾಯವಲ್ಲ.

ಉತ್ತರವೇ ಅಲ್ಲದ ಉತ್ತರ

ಜೀನ್ ವರದಿಗಳಲ್ಲಿ ಐದು ದರ್ಜೆಗಳಿವೆ. ಎರಡು ತುದಿಗಳಲ್ಲಿ ‘ಕಾಯಿಲೆ ತರುವಂಥದ್ದು’, ‘ನಿರುಪದ್ರವಿ’. ಅವುಗಳ ಪಕ್ಕದಲ್ಲಿ ‘ಬಹುಶಃ ಹಾಗೆ’ ಎನ್ನುವ ಒಂದೊಂದು. ನಡುವೆ ವಿಯುಎಸ್: ವ್ಯತ್ಯಾಸ ಇದೆ, ಅದರ ಅರ್ಥ ಸದ್ಯಕ್ಕೆ ತಿಳಿಯದು. ನಮ್ಮವರ ವರದಿಗಳಲ್ಲಿ ಈ ನಡುವಿನದು ಹೆಚ್ಚು. ಕಾರಣ ಸರಳ: ಯಾವ ವ್ಯತ್ಯಾಸ ಸಹಜ ಎಂದು ತೀರ್ಮಾನಿಸಲು ಆರೋಗ್ಯವಂತರ ಜೀನುಗಳ ದೊಡ್ಡ ಸಂಗ್ರಹ ಬೇಕು, ಜಗತ್ತಿನ ಸಂಗ್ರಹಗಳಲ್ಲಿ ಬಹುಪಾಲು ಯುರೋಪ್ ಮೂಲದವರದು. ಬೆಂಗಳೂರಿನ ಐಐಎಸ್‌ಸಿ ಆವರಣದ ಸೆಂಟರ್ ಫಾರ್ ಬ್ರೇನ್ ರಿಸರ್ಚ್ ಮುಂದಾಳಾಗಿ ನಡೆಸಿದ ಜೀನೋಮ್ ಇಂಡಿಯಾ ಯೋಜನೆ 10,000 ಭಾರತೀಯರ ಜೀನೋಮ್ ಓದಿಸಿತು. ಈ ಕೊರತೆ ತುಂಬಲು ಅಂಥ ಕೆಲಸವೇ ಬೇಕು.

ವಿಯುಎಸ್ ಬಂದಾಗ ತಪ್ಪು ಎರಡೂ ಕಡೆಗೆ ಆಗುತ್ತದೆ. ದಾನಿಯಲ್ಲಿ ಅದಿದೆ ಎಂದು ಹೆದರಿ ಒಳ್ಳೆಯ ದಾನಿಯನ್ನು ವಾಪಸ್ ಕಳಿಸುವುದು ಒಂದು. ಇದಕ್ಕಿಂತ ಅಪಾಯಕಾರಿಯಾದದ್ದು, ರೋಗಿಯಲ್ಲಿದ್ದ ವಿಯುಎಸ್ ದಾನಿಯಲ್ಲಿ ಇಲ್ಲ ಎಂದು ‘ಕ್ಲಿಯರ್’ ಮಾಡಿಬಿಡುವುದು. ಆ ವ್ಯತ್ಯಾಸ ಕಾಯಿಲೆಗೆ ಕಾರಣವೇ ಅಲ್ಲದಿದ್ದರೆ, ನಿಜವಾದ ದೋಷ ಬೇರೆಲ್ಲೋ ಇದ್ದು ದಾನಿಗೂ ಬಂದಿರಬಹುದು. ಮಾಡಬೇಕಾದದ್ದೇನೆಂದರೆ, ಅದೇ ಮನೆಯಲ್ಲಿ ಕಾಯಿಲೆ ಇರುವ ದೊಡ್ಡಪ್ಪ, ಅತ್ತೆಯಂಥವರಲ್ಲೂ, 60 ದಾಟಿ ಆರೋಗ್ಯವಾಗಿರುವ ಹಿರಿಯರಲ್ಲೂ ಆ ಜಾಗವನ್ನು ನೋಡಿಸುವುದು. ಕಾಯಿಲೆ ಇದ್ದವರಲ್ಲೆಲ್ಲ ಇದ್ದು ಇಲ್ಲದವರಲ್ಲಿ ಇಲ್ಲದಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಆದರೆ ಹಾಗೆ ಕರೆಸಿದ ಪ್ರತಿಯೊಬ್ಬರೂ ಒಪ್ಪಿಗೆ ಕೊಡಬೇಕಾದ ಪ್ರತ್ಯೇಕ ಮನುಷ್ಯರು. ‘ಮನೆಯವರೆಲ್ಲ ಒಂದೊಂದು ಟ್ಯೂಬ್ ಕೊಟ್ಟುಹೋಗಿ’ ಎಂದು ಸಾಲಾಗಿ ನಿಲ್ಲಿಸುವುದು ಸರಿಯಲ್ಲ.

ಹಾಗಾದರೆ ಎಲ್ಲ ದಾನಿಗಳಿಗೂ ಜೀನ್ ಪರೀಕ್ಷೆ ಮಾಡಿಸಿಬಿಡೋಣವೇ? ಬೇಡ. ಗಂಡನಿಗೆ ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆಯಿಂದ ಕಿಡ್ನಿ ಹೋಗಿದೆ, ರಕ್ತಸಂಬಂಧವಿಲ್ಲದ ಹೆಂಡತಿ ಕೊಡುತ್ತಿದ್ದಾರೆ, ಅವರ ತವರಿನಲ್ಲಿ ಯಾರಿಗೂ ಕಿಡ್ನಿ ಕಾಯಿಲೆಯಿಲ್ಲ ಎಂದಾದರೆ ಪ್ಯಾನೆಲ್ ಮಾಡಿಸಿ ಸಿಗುವುದು ವಿಯುಎಸ್ ಮತ್ತು ಆತಂಕ. ಉತ್ತರದಿಂದ ನಿರ್ಧಾರ ಬದಲಾಗುವುದಿಲ್ಲ ಎಂದರೆ ಪ್ರಶ್ನೆಯನ್ನೇ ಕೇಳಬಾರದು.

ಅಮೆರಿಕದಲ್ಲಿ ಈ ಚರ್ಚೆ ಹೆಚ್ಚು ಕಾವೇರಿರುವುದು ಎಪಿಒಎಲ್1 ಜೀನಿನ ಸುತ್ತ. ಆಫ್ರಿಕಾ ಮೂಲದವರಲ್ಲಿ ಕಾಣುವ ಇದರ ಜಿ1, ಜಿ2 ಎಂಬ ರೂಪಗಳು ನಿದ್ರಾರೋಗದ ಪರೋಪಜೀವಿಯಿಂದ ರಕ್ಷಣೆ ಕೊಡುತ್ತವೆ, ಎರಡು ಪ್ರತಿ ಬಂದರೆ ಕಿಡ್ನಿ ಕಾಯಿಲೆಯ ಅಪಾಯ ಹೆಚ್ಚಿಸುತ್ತವೆ ಎಂದು 2010ರಲ್ಲಿ ಗೊತ್ತಾಯಿತು. ಆಫ್ರಿಕನ್ ಅಮೆರಿಕನ್ನರಲ್ಲಿ ನೂರಕ್ಕೆ ಸುಮಾರು 13 ಮಂದಿಗೆ ಎರಡೂ ಪ್ರತಿಗಳಿವೆ, ಆದರೆ ಅವರಲ್ಲಿ ಹೆಚ್ಚಿನವರಿಗೆ ಕಾಯಿಲೆ ಬರುವುದೇ ಇಲ್ಲ. ಪರೀಕ್ಷೆ ಮಾಡಿದರೆ ಒಂದು ಸಮುದಾಯದ ದಾನಿಗಳನ್ನು ಸಾಮೂಹಿಕವಾಗಿ ಹೊರಗಿಟ್ಟ ಹಾಗೆ, ಮಾಡದಿದ್ದರೆ ಗೊತ್ತಿದ್ದೂ ಅಪಾಯಕ್ಕೆ ಒಡ್ಡಿದ ಹಾಗೆ. ಕೆಡಿಗೋ ಹೇಳುವುದು, ಸಹಾರಾದ ದಕ್ಷಿಣದ ಆಫ್ರಿಕಾ ಮೂಲದ ದಾನಿಗಳಿಗೆ ಈ ಪರೀಕ್ಷೆಯನ್ನು ಮುಂದಿಡಬಹುದು ಎಂದು. ಕಡ್ಡಾಯ ಎಂದಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಸಮುದಾಯದ ಬೇರುಗಳೂ ಆಫ್ರಿಕಾದಲ್ಲಿವೆ. ಅಲ್ಲಿಂದ ದಾನಿಯೊಬ್ಬರು ಬಂದರೆ ಈ ಮಾತನ್ನು ಗೌರವದಿಂದ, ಅವರ ವಂಶದ ಹಿನ್ನೆಲೆಯನ್ನು ಕೇಳಿ ತಿಳಿದು, ಎತ್ತಬೇಕು. ಮುಖ ನೋಡಿ ಫಾರಂನಲ್ಲಿ ಟಿಕ್ ಹಾಕುವುದಲ್ಲ.

ಎಲ್ಲರೂ ಮಾಡಿಸುವ, ಯಾರೂ ಜೀನ್ ಪರೀಕ್ಷೆ ಎಂದುಕೊಳ್ಳದ ಪರೀಕ್ಷೆ

ಎಚ್‌ಎಲ್‌ಎ ಟೈಪಿಂಗ್ (ದಾನಿಯ ಕಿಡ್ನಿ ರೋಗಿಗೆ ಎಷ್ಟು ಹೊಂದುತ್ತದೆ ಎಂದು ನೋಡುವ ಟಿಶ್ಯೂ ಟೈಪಿಂಗ್) ಕೂಡ ಜೀನ್ ಪರೀಕ್ಷೆಯೇ. 6ನೇ ಕ್ರೋಮೋಸೋಮಿನ ಈ ಜೀನುಗಳ ಗುಂಪು ತಂದೆಯಿಂದ ಒಂದು, ತಾಯಿಯಿಂದ ಒಂದು ಬರುತ್ತದೆ. ಹಾಗಾಗಿ ತಂದೆ ಮತ್ತು ಮಗುವಿನ ನಡುವೆ ಅರ್ಧ ಹೊಂದಿಕೆ ಇರಲೇಬೇಕು. ಇಲ್ಲದಿದ್ದರೆ? ವರದಿ ಕೈಗೆ ಬಂದವರಿಗೆ, ಆ ಮನೆಯಲ್ಲಿ ಮೂವತ್ತು ವರ್ಷ ಯಾರೂ ಆಡದ ಮಾತೊಂದು ಗೊತ್ತಾಗಿಬಿಡುತ್ತದೆ.

ಬೇರೆ ಕೆಲವು ದೇಶಗಳಲ್ಲಿ ಇದನ್ನು ಫೈಲಿನಲ್ಲೇ ಇಟ್ಟು ಸುಮ್ಮನಾಗಲು ಅವಕಾಶವಿದೆ, ಕಸಿಗೆ ಇದರಿಂದ ತೊಡಕಿಲ್ಲ. ನಮ್ಮಲ್ಲಿ ಹಾಗಲ್ಲ. 1994ರ ಅಂಗಾಂಗ ಕಸಿ ಕಾಯ್ದೆ ಹತ್ತಿರದ ಸಂಬಂಧಿಗಳನ್ನು ಪಟ್ಟಿ ಮಾಡುತ್ತದೆ: ಗಂಡ ಹೆಂಡತಿ, ತಂದೆ ತಾಯಿ, ಮಕ್ಕಳು, ಒಡಹುಟ್ಟಿದವರು. 2011ರ ತಿದ್ದುಪಡಿಯಿಂದ ಅಜ್ಜ ಅಜ್ಜಿ, ಮೊಮ್ಮಕ್ಕಳೂ ಸೇರಿದರು. 2014ರ ನಿಯಮಗಳಂತೆ ರಕ್ತಸಂಬಂಧಿಯಾದರೆ ಟಿಶ್ಯೂ ಟೈಪಿಂಗ್ ಫಲಿತಾಂಶವನ್ನೂ ದಾಖಲೆಗಳನ್ನೂ ನೋಡಬೇಕು, ಸಂಬಂಧ ಖಚಿತವಾಗದಿದ್ದರೆ ಡಿಎನ್‌ಎ ಪ್ರೊಫೈಲಿಂಗ್‌ಗೂ ಸೂಚಿಸಬಹುದು. ಅಂದರೆ ಗುಟ್ಟು ವೈದ್ಯರ ಬಳಿ ನಿಲ್ಲುವುದಿಲ್ಲ, ಕಡತವಾಗಿ ಕಸಿಗೆ ಅನುಮತಿ ಕೊಡುವವರ ಮೇಜಿಗೆ ಹೋಗುತ್ತದೆ.

ಆದ್ದರಿಂದ ಟೈಪಿಂಗಿಗೆ ಮೊದಲು ದಾನಿಗೂ ರೋಗಿಗೂ ಬೇರೆ ಬೇರೆಯಾಗಿ, ತಾಯಿಯೂ ದಾನದ ಪಟ್ಟಿಯಲ್ಲಿದ್ದರೆ ಅವರಿಗೂ ಒಬ್ಬರೇ ಇದ್ದಾಗ, ‘ಈ ಪರೀಕ್ಷೆಯಲ್ಲಿ ರಕ್ತಸಂಬಂಧವೂ ತಿಳಿಯುತ್ತದೆ’ ಎಂಬ ಒಂದು ವಾಕ್ಯ ಹೇಳಲೇಬೇಕು. ಹಿಂದೆ ಸರಿಯಬೇಕೆನಿಸಿದವರು ಅಲ್ಲಿಯೇ ಸರಿಯಬಹುದು. ಹೊಂದಿಕೆ ಬರದಿದ್ದಾಗ ಮೊದಲು ಮಾಡಬೇಕಾದದ್ದು ಹೊಸ ಸ್ಯಾಂಪಲ್ ತೆಗೆದು ಮತ್ತೆ ನೋಡುವುದು. ಟ್ಯೂಬಿನ ಲೇಬಲ್ ಅದಲು ಬದಲಾಗುವುದು ಅಪರೂಪವೇನಲ್ಲ, ಒಂದೇ ಒಂದು ಜಾಗದ ವ್ಯತ್ಯಾಸದಿಂದ ಏನನ್ನೂ ತೀರ್ಮಾನಿಸಲಾಗದು. ಇನ್ನೊಂದು ಮಾತು ಮನೆಯವರಿಗೆ ಮೊದಲೇ ಗೊತ್ತಿರಲಿ: ಅಣ್ಣ ತಮ್ಮಂದಿರ ನಡುವೆ ಹೊಂದಿಕೆ ಸೊನ್ನೆ ಬರುವುದು ಸಹಜ. ನಾಲ್ಕರಲ್ಲಿ ಒಂದು ಪಾಲು ಪೂರ್ತಿ ಹೊಂದುತ್ತದೆ, ಎರಡು ಪಾಲು ಅರ್ಧ, ಒಂದು ಪಾಲು ಏನೂ ಇಲ್ಲ. ಇದನ್ನು ತಿಳಿಯದೆ ಸಂಬಂಧಗಳ ಮೇಲೆ ಅನುಮಾನ ಪಡುವುದು ಘೋರ ಅನ್ಯಾಯ.

ಉತ್ತರ ಯಾರ ಕೈಗೆ

ಮಗಳ ಪರೀಕ್ಷೆಯಲ್ಲಿ ದೋಷ ಸಿಕ್ಕಿತು ಎನ್ನೋಣ. ರೋಗಿಯಾದ ಅಪ್ಪ ಕೇಳುತ್ತಾರೆ, ‘ಅವಳದು ಏನಾಯ್ತು ಡಾಕ್ಟ್ರೇ?’ ಆ ಫಲಿತಾಂಶ ಅವಳದು. ಅಪ್ಪನಿಗೆ ಹೇಳಬೇಕಾದದ್ದು ‘ಈ ದಾನಿ ಸೂಕ್ತವಾಗಲಿಲ್ಲ’ ಎಂಬಷ್ಟೇ. ಇದಕ್ಕೆ ಒಂದು ಜಾಣ್ಮೆಯ ವ್ಯವಸ್ಥೆ ಬೇಕು. ಯಾವ ಕಾರಣಕ್ಕೆ ದಾನಿ ಹೊರಗುಳಿದರೂ, ಅದು ಜೀನ್ ಇರಲಿ, ಬಿಪಿ ಇರಲಿ, ಮನಸ್ಸು ಬದಲಾಗಿದ್ದಿರಲಿ, ಆಸ್ಪತ್ರೆ ಹೇಳುವ ವಾಕ್ಯ ಒಂದೇ ಆಗಿರಬೇಕು. ಆಗ ಆ ವಾಕ್ಯದಿಂದ ಯಾರೂ ಏನನ್ನೂ ಊಹಿಸಲಾರರು. ಪರೀಕ್ಷೆಯೇ ಬೇಡ, ನನ್ನ ಜೀನಿನಲ್ಲಿ ಏನಿದೆಯೆಂದು ತಿಳಿಯುವುದೇ ಬೇಡ ಎನ್ನುವ ಮಗಳಿಗೂ ಇದೇ ಬಾಗಿಲು ತೆರೆದಿರಬೇಕು. ಅದು ಹೇಡಿತನವಲ್ಲ, ಅವಳ ಹಕ್ಕು.

ನಮ್ಮ ದೇಶದಲ್ಲಿ ಜೀವಂತ ದಾನಿಗಳಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ದಾನಿ ಮಹಿಳೆಯಾದರೆ ಹೆಚ್ಚಿನ ಎಚ್ಚರ ವಹಿಸಬೇಕು, ಅವರ ಸ್ವತಂತ್ರ ಒಪ್ಪಿಗೆಯನ್ನು ರೋಗಿಯಲ್ಲದ ಬೇರೊಬ್ಬರಿಂದ ಖಚಿತಪಡಿಸಿಕೊಳ್ಳಬೇಕು ಎಂದು 2014ರ ನಿಯಮಗಳೇ ಹೇಳುತ್ತವೆ. ಜೀನ್ ಪರೀಕ್ಷೆಯ ಒಪ್ಪಿಗೆಗೂ ಇದನ್ನೇ ಅನ್ವಯಿಸಬೇಕು. ಮದುವೆಯಾಗದ ಹುಡುಗಿಗೆ ‘ಕಿಡ್ನಿ ಕಾಯಿಲೆಯ ಜೀನ್ ಇದೆ’ ಎಂಬ ಸುದ್ದಿ ನೆಂಟರ ಬಾಯಿಗೆ ಬಿದ್ದರೆ ಏನಾಗುತ್ತದೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ರೋಗಿಯನ್ನು ನೋಡುವ ಕಿಡ್ನಿ ತಜ್ಞರೇ (ನೆಫ್ರಾಲಜಿಸ್ಟ್) ದಾನಿಯನ್ನೂ ನೋಡಬಾರದು. ದಾನಿಗೆ ಬೇರೆ ವೈದ್ಯರು, ಬೇರೆ ಫೈಲು, ಬೇರೆ ಮೊಬೈಲ್ ನಂಬರು ಇರಬೇಕು. ಸಣ್ಣ ವಿಷಯ ಅನಿಸಬಹುದು, ಆದರೆ ಬಹಳ ಮನೆಗಳಲ್ಲಿ ಎಲ್ಲ ವರದಿಗಳೂ ಅಣ್ಣನ ಅಥವಾ ಭಾವನ ವಾಟ್ಸಾಪಿಗೆ ಹೋಗುತ್ತವೆ. ವರದಿ ಕಳಿಸುವ ನಂಬರ್ ಯಾರದು ಎಂದು ಆಸ್ಪತ್ರೆಯ ಕಸಿ ಕೋಆರ್ಡಿನೇಟರ್ ದಾನಿಯನ್ನೇ ಕೇಳಿ ಬರೆದುಕೊಳ್ಳಬೇಕು.

ವಿಮೆಯ ವಿಷಯದಲ್ಲಿ ದಾನಿಗೆ ಸುಳ್ಳು ಭರವಸೆ ಕೊಡಬಾರದು. ಅಮೆರಿಕದಲ್ಲಿ 2008ರ ಜಿನಾ ಕಾಯ್ದೆ ಆರೋಗ್ಯ ವಿಮೆ ಮತ್ತು ಉದ್ಯೋಗದ ಮಟ್ಟಿಗೆ ಜೀನ್ ಆಧಾರದ ತಾರತಮ್ಯವನ್ನು ತಡೆಯುತ್ತದೆ, ಜೀವ ವಿಮೆಗೆ ಅದು ಅನ್ವಯಿಸುವುದಿಲ್ಲ. ಅಲ್ಲಿರುವ ಕನ್ನಡಿಗರು ಅಣ್ಣ ತಮ್ಮಂದಿರಿಗೆ ದಾನಿಯಾಗುವಾಗ ಈ ವ್ಯತ್ಯಾಸ ತಿಳಿದಿರಬೇಕು. ಭಾರತದಲ್ಲಿ ಇದಕ್ಕೆಂದೇ ಒಂದು ಕಾಯ್ದೆ ಇಲ್ಲ. 2018ರಲ್ಲಿ ದೆಹಲಿ ಹೈಕೋರ್ಟ್, ‘ಆನುವಂಶಿಕ ಕಾಯಿಲೆ’ ಎಂಬ ವಿಶಾಲ ಷರತ್ತಿನ ಹೆಸರಿನಲ್ಲಿ ಆರೋಗ್ಯ ವಿಮೆ ನಿರಾಕರಿಸುವುದು ತಾರತಮ್ಯ ಎಂದು ತೀರ್ಪು ಕೊಟ್ಟಿತು. ಅದು ದೊಡ್ಡ ಹೆಜ್ಜೆ. ಆದರೆ ಪ್ರಸ್ತಾವದ ಫಾರಂನಲ್ಲಿ ನೇರವಾಗಿ ಕೇಳಿದ ಪ್ರಶ್ನೆಗೆ ಸುಳ್ಳು ಬರೆದರೆ ಮುಂದೆ ಕ್ಲೇಮ್ ತಿರಸ್ಕರಿಸಲು ಅದೇ ನೆಪವಾಗುತ್ತದೆ. ಪರೀಕ್ಷೆಗೆ ಮೊದಲೇ ತನ್ನ ಹೆಸರಿನಲ್ಲಿ ವಿಮೆ ಇದೆಯೇ ಎಂದು ದಾನಿ ನೋಡಿಕೊಳ್ಳುವುದರಲ್ಲಿ ತಪ್ಪೇನಿಲ್ಲ. ಕೌನ್ಸೆಲಿಂಗ್‌ನಲ್ಲಿ ಇದನ್ನು ಹೇಳುವುದು ವೈದ್ಯರ ಕರ್ತವ್ಯ ಎಂದೇ ನಾನು ತಿಳಿಯುತ್ತೇನೆ.

ದೋಷವಿಲ್ಲವೆಂದು ಬಂದು ದಾನ ನಡೆದ ಮೇಲೂ ಲೆಕ್ಕ ಪೂರ್ತಿ ಮುಗಿಯುವುದಿಲ್ಲ. 2014ರ ಅಮೆರಿಕದ ಒಂದು ಅಧ್ಯಯನದ ಅಂದಾಜಿನಂತೆ, ಜೀವಮಾನದಲ್ಲಿ ಕಿಡ್ನಿ ವೈಫಲ್ಯಕ್ಕೆ ಒಳಗಾಗುವವರು ದಾನ ಮಾಡಿದ 10,000 ಮಂದಿಯಲ್ಲಿ 90, ಅಷ್ಟೇ ಆರೋಗ್ಯವಂತರಾಗಿದ್ದೂ ದಾನ ಮಾಡದವರಲ್ಲಿ 14. ಅಪಾಯ ಚಿಕ್ಕದು, ಆದರೆ ಇದೆ. ದಾನಿಗೆ ವರ್ಷಕ್ಕೊಮ್ಮೆ ಬಿಪಿ, ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್ ನೋಡಲೇಬೇಕು. ಜೀನ್ ವರದಿಯ ಮೂಲ ಪ್ರತಿ ದಾನಿಯ ಬಳಿಯೇ ಇರಬೇಕು. ರೋಗಿಯಲ್ಲಿ ಸಿಕ್ಕ ವಿಯುಎಸ್‌ನ ದರ್ಜೆ ಬದಲಾಗಿದೆಯೇ ಎಂದು ಒಂದೆರಡು ವರ್ಷಕ್ಕೊಮ್ಮೆ ಲ್ಯಾಬಿಗೆ ಬರೆದು ಕೇಳುವ ಕೆಲಸವನ್ನು ಆಸ್ಪತ್ರೆ ಒಬ್ಬರ ಹೆಸರಿಗೆ ವಹಿಸಬೇಕು. ಬದಲಾಗಿದ್ದರೆ ಆ ಫೋನ್ ಮೊದಲು ಹೋಗಬೇಕಾದದ್ದು ದಾನಿಗೆ.